ಪಿಆರ್‌ಎಸ್‌ಎಸ್1 ಜೀನ್ ಟೆಸ್ಟ್ ಮಾಡಿಸಿ ಅಂದಿದ್ದಾರೆ, ಏನಿದು? (ಪದೇ ಪದೇ ಪ್ಯಾಂಕ್ರಿಯಾಟೈಟಿಸ್, ಹುಡುಗನಿಗೆ 11 ವರ್ಷ)

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಅಕ್ಕನ ಮಗನ ವಿಷಯ. ಸುಮಾರು ದಿನದಿಂದ ಆಗಾಗ ಹೊಟ್ಟೆನೋವು ಅಂತ ಒದ್ದಾಡ್ತಿದ್ದ. ಜಂತುಹುಳು ಅಂದ್ರು, ಗ್ಯಾಸ್ಟ್ರಿಕ್ ಅಂದ್ರು, ಪರೀಕ್ಷೆ ಹತ್ತಿರ ಬಂದಾಗ ನೋವು ಬಂದಿದ್ದಕ್ಕೆ "ಸ್ಕೂಲಿಗೆ ಚಕ್ಕರ್ ಹೊಡೆಯೋ ನಾಟಕ" ಅಂತಲೂ ಅಂದ್ರು. ಕೊನೆಗೆ ವಾಂತಿ ನಿಲ್ಲದೆ ಅಡ್ಮಿಟ್ ಮಾಡಿದಾಗ ರಕ್ತದಲ್ಲಿ ಲೈಪೇಸ್ (ಕೊಬ್ಬು ಕರಗಿಸೋ ಕಿಣ್ವ) ವಿಪರೀತ ಏರಿತ್ತು. ಮೇದೋಜೀರಕ ಗ್ರಂಥಿಯ ಉರಿಯೂತ, ಅಂದ್ರೆ ಪ್ಯಾಂಕ್ರಿಯಾಟೈಟಿಸ್ ಅಂತ ಗೊತ್ತಾಯ್ತು. ಆಮೇಲೂ ಮರುಕಳಿಸಿದೆ. ಈಗ ಸ್ಕ್ಯಾನ್‌ನಲ್ಲಿ ಗ್ರಂಥಿಯ ನಾಳದೊಳಗೆ ಸಣ್ಣ ಕಲ್ಲು ಕಾಣ್ತಿದೆ. ಪಿತ್ತಕೋಶದಲ್ಲಿ ಕಲ್ಲಿಲ್ಲ, ಟ್ರೈಗ್ಲಿಸರೈಡ್ ನಾರ್ಮಲ್, ಕ್ಯಾಲ್ಸಿಯಂ ನಾರ್ಮಲ್.

ಡಾಕ್ಟರು ಜೀನ್ ಪ್ಯಾನೆಲ್ (ಹಲವು ಜೀನುಗಳನ್ನು ಒಟ್ಟಿಗೆ ನೋಡೋ ಟೆಸ್ಟ್) ಬರೆದುಕೊಟ್ಟು, "ಮುಖ್ಯವಾಗಿ ಪಿಆರ್‌ಎಸ್‌ಎಸ್1 ನೋಡೋಣ" ಅಂದ್ರು. ಹೊರಗಡೆ ಇನ್ನೂ ಇಪ್ಪತ್ತು ಜನ ಕಾಯ್ತಿದ್ದರು, ಬಿಡಿಸಿ ಹೇಳೋ ಪುರಸೊತ್ತು ಅವರಿಗೆ ಇರಲಿಲ್ಲ. ಈ ಜೀನ್ ಏನು ಮಾಡುತ್ತೆ? ಟೆಸ್ಟಿನಿಂದ ಚಿಕಿತ್ಸೆ ಏನಾದ್ರೂ ಬದಲಾಗುತ್ತಾ? ಇನ್ನೊಂದು, ಅಕ್ಕನ ಅತ್ತೆ ಆಗಲೇ "ಇದು ನಿಮ್ಮ ತವರಿನ ರಕ್ತದಿಂದ ಬಂದದ್ದು" ಅಂತ ಶುರು ಮಾಡಿದ್ದಾರೆ. ಅದಕ್ಕೂ ಏನಾದ್ರೂ ಉತ್ತರ ಇದ್ರೆ ಹೇಳಿ.

ನೈಟ್‌ಡ್ಯೂಟಿ_ಸಿಸ್ಟರ್:
ಗ್ಯಾಸ್ಟ್ರೋ ವಾರ್ಡಿನಲ್ಲಿ ಕೆಲಸ ಮಾಡೋದ್ರಿಂದ ಹೇಳ್ತೀನಿ. ಈ ಮಕ್ಕಳು ಮಂಚದ ಮೇಲೆ ಅಂಗಾತ ಮಲಗೋದೇ ಇಲ್ಲ. ದಿಂಬು ಹೊಟ್ಟೆಗೆ ಒತ್ತಿಕೊಂಡು ಮುಂದಕ್ಕೆ ಬಾಗಿ ಕೂತಿರ್ತಾರೆ. ಗ್ರಂಥಿ ಜಠರದ ಹಿಂದೆ, ಬೆನ್ನುಮೂಳೆಗೆ ಒತ್ತಿಕೊಂಡಂತೆ ಇರೋದು, ಹಾಗಾಗಿ ನೋವು ಬೆನ್ನಿಗೆ ಹೊಡೆಯುತ್ತೆ, ಬಾಗಿದರೆ ಸ್ವಲ್ಪ ಹಗುರ. ನಾಟಕ ಅಂದವರಿಗೆ ಇದನ್ನೊಮ್ಮೆ ಹೇಳಿ.

ಜೀನ್ ವಿಷಯ ತಿಳಿದವರು ಬರೆಯಲಿ. ನನ್ನ ಕಡೆಯಿಂದ ಇಷ್ಟೇ: ಎಲ್ಲ ಅಡ್ಮಿಶನ್ನಿನ ಡಿಸ್ಚಾರ್ಜ್ ಸಮರಿ, ಲೈಪೇಸ್ ಮೌಲ್ಯ, ಸ್ಕ್ಯಾನ್ ಸಿಡಿ ಒಂದೇ ಫೈಲಿನಲ್ಲಿ ಇಡಿ. ಬೇರೆ ಊರಿಗೆ ರೆಫರ್ ಮಾಡಿದಾಗ ಅದೇ ಮೊದಲು ಕೇಳೋದು.

ಕಿಣ್ವಪ್ರಿಯ:
ನಾನು ಬಯೋಕೆಮಿಸ್ಟ್ರಿ ಪಾಠ ಮಾಡೋನು, ಡಾಕ್ಟರ್ ಅಲ್ಲ. ಜೀನ್ ಮತ್ತು ಕಿಣ್ವದ ಮಟ್ಟಿಗೆ ಹೇಳ್ತೀನಿ, ಚಿಕಿತ್ಸೆ ನಿಮ್ಮ ಡಾಕ್ಟರದ್ದು.

ಪಿಆರ್‌ಎಸ್‌ಎಸ್1 ಇರೋದು ಏಳನೇ ಕ್ರೋಮೋಸೋಮಿನ ಉದ್ದ ತೋಳಿನಲ್ಲಿ. ಅದು ಕೊಡೋ ಪ್ರೋಟೀನಿನ ಹೆಸರು ಕ್ಯಾಟಯಾನಿಕ್ ಟ್ರಿಪ್ಸಿನೋಜೆನ್, ಒಟ್ಟು 247 ಅಮೈನೋ ಆಮ್ಲ. ಟ್ರಿಪ್ಸಿನ್ ಅನ್ನೋ ಪ್ರಸಿದ್ಧ ಕಿಣ್ವದ ನಿಷ್ಕ್ರಿಯ ರೂಪ ಇದು. ಟ್ರಿಪ್ಸಿನ್ ಅನ್ನೋ ಹೆಸರಿಟ್ಟದ್ದು ಹೈಡಲ್‌ಬರ್ಗಿನ ವಿಲ್‌ಹೆಲ್ಮ್ ಕ್ಯೂನೆ, 1876ರಲ್ಲಿ. ನಾವು ತಿಂದ ಬೇಳೆ, ಮೊಟ್ಟೆ, ಮೀನಿನ ಪ್ರೋಟೀನನ್ನು ಲೈಸಿನ್ ಅಥವಾ ಆರ್ಜಿನಿನ್ ಇರೋ ಜಾಗದಲ್ಲೇ ಕತ್ತರಿಸೋದು ಇದರ ಕೆಲಸ. ಬೇರೆ ಜಾಗ ಮುಟ್ಟೋದು ಕಡಿಮೆ. ಅಷ್ಟು ಕರಾರುವಾಕ್ಕು.

ಇಂಥದ್ದನ್ನು ತಯಾರಿಸೋ ಗ್ರಂಥಿಯೂ ಪ್ರೋಟೀನಿನಿಂದಲೇ ಆದದ್ದು ಅಲ್ವಾ? ಅದಕ್ಕೇ ಮಕ್ಕಳಿರೋ ಮನೆಯಲ್ಲಿ ಈಳಿಗೆಮಣೆಯನ್ನು ಮಡಚಿಡುವ ಹಾಗೆ ದೇಹ ಇದನ್ನು ಮಡಚಿಯೇ ಕಳಿಸುತ್ತೆ. ಟ್ರಿಪ್ಸಿನೋಜೆನ್ನಿನ ತುದಿಯಲ್ಲಿ 8 ಅಮೈನೋ ಆಮ್ಲಗಳ ಒಂದು ತುಣುಕು ಇರುತ್ತೆ. ಅದು ಇರೋವರೆಗೆ ಕತ್ತರಿಸೋ ಶಕ್ತಿ ಇಲ್ಲ. ರಸ ನಾಳದ ಮೂಲಕ ಸಣ್ಣ ಕರುಳಿನ ಮೊದಲ ಭಾಗಕ್ಕೆ ಬಿದ್ದಾಗ ಅಲ್ಲಿನ ಗೋಡೆಯಲ್ಲಿರೋ ಎಂಟೆರೋಕೈನೇಸ್ ಅನ್ನೋ ಕಿಣ್ವ ಆ ತುಣುಕನ್ನು ಕಿತ್ತುಹಾಕುತ್ತೆ, ಟ್ರಿಪ್ಸಿನ್ ಏಳುತ್ತೆ. ಎದ್ದ ಟ್ರಿಪ್ಸಿನ್ ಮತ್ತಷ್ಟು ಟ್ರಿಪ್ಸಿನೋಜೆನ್ನನ್ನೂ, ಕೈಮೋಟ್ರಿಪ್ಸಿನ್, ಎಲಾಸ್ಟೇಸ್, ಕಾರ್ಬಾಕ್ಸಿಪೆಪ್ಟಿಡೇಸ್ ಎಲ್ಲದರ ಮೂಲರೂಪಗಳನ್ನೂ ಎಬ್ಬಿಸುತ್ತೆ. ಅಂದ್ರೆ ಇದೊಂದು ಎದ್ದರೆ ಇಡೀ ಸಾಲೇ ಎದ್ದಂತೆ.

ತೊಂದರೆ ಬರೋದು ಇದು ಕರುಳು ತಲುಪೋ ಮುಂಚೆ ಗ್ರಂಥಿಯೊಳಗೇ ಎದ್ದಾಗ. ಗ್ರಂಥಿ ತನ್ನನ್ನೇ ಜೀರ್ಣಿಸಿಕೊಳ್ಳುತ್ತೆ ಅನ್ನೋ ವಾದವನ್ನು 1896ರಲ್ಲೇ ಹಾನ್ಸ್ ಕಿಯಾರಿ ಮುಂದಿಟ್ಟಿದ್ದರು. ನೂರು ವರ್ಷ ಅದು ವಾದವಾಗಿಯೇ ಇತ್ತು. ಅದಕ್ಕೆ ಮನುಷ್ಯರಲ್ಲೇ ಗಟ್ಟಿ ಆಧಾರ ಸಿಕ್ಕಿದ್ದು ಈ ಪಿಆರ್‌ಎಸ್‌ಎಸ್1 ಜೀನಿನಿಂದ.

ಗ್ರಂಥಿಯೊಳಗೆ ತಡೆಗಳೂ ಇವೆ. ಸ್ಪಿಂಕ್1 ಅನ್ನೋ ಪುಟ್ಟ ಪ್ರೋಟೀನು ಎದ್ದ ಟ್ರಿಪ್ಸಿನ್ನಿಗೆ ಅಂಟಿಕೊಂಡು ಅದನ್ನು ಸುಮ್ಮನಾಗಿಸುತ್ತೆ, ಆದರೆ ಒಟ್ಟು ಟ್ರಿಪ್ಸಿನ್ನಿನ ಸುಮಾರು 20 ಪರ್ಸೆಂಟಿಗಷ್ಟೇ ಸಾಕಾಗುತ್ತೆ. ಎರಡನೆಯದು ಕೈಮೋಟ್ರಿಪ್ಸಿನ್ ಸಿ. ಅದು ಟ್ರಿಪ್ಸಿನೋಜೆನ್ನನ್ನು 81ನೇ ಸ್ಥಾನದಲ್ಲಿ ಕತ್ತರಿಸುತ್ತೆ. ಮೂರನೆಯದು ಟ್ರಿಪ್ಸಿನ್ ತಾನೇ, ತನ್ನದೇ 122ನೇ ಸ್ಥಾನದ ಆರ್ಜಿನಿನ್ ಹತ್ತಿರ ಕತ್ತರಿಸಿಕೊಳ್ಳುತ್ತೆ. ಈ ಎರಡೂ ಕತ್ತರಿ ಬಿದ್ದರೆ ಅಣು ಚೂರುಚೂರಾಗಿ ಹಾಳಾಗುತ್ತೆ. ಈಗ ಆ 122ರ ಆರ್ಜಿನಿನ್ ಜಾಗದಲ್ಲಿ ಹಿಸ್ಟಿಡಿನ್ ಬಂದು ಕೂತಿದೆ ಅಂದುಕೊಳ್ಳಿ. ಟ್ರಿಪ್ಸಿನ್ ಹಿಸ್ಟಿಡಿನ್ ಹತ್ತಿರ ಕತ್ತರಿಸೋದಿಲ್ಲ. ತನ್ನನ್ನು ತಾನು ಮುಗಿಸಿಕೊಳ್ಳೋ ದಾರಿಯೇ ಮುಚ್ಚಿತು. ರಿಪೋರ್ಟಿನಲ್ಲಿ "ಆರ್122ಎಚ್" ಅಂತ ಬರೋದು ಇದೇ.

ಮನೆಮದ್ದು_ಮಾವ:
ಕಿಣ್ವಪ್ರಿಯ ಅವರೇ, ಒಳ್ಳೇ ಬರಹ. ಒಂದು ಪ್ರಶ್ನೆ. ಹುರುಳಿ, ಸೋಯಾ, ಅವರೆಯಲ್ಲಿ ಟ್ರಿಪ್ಸಿನ್ನನ್ನು ತಡೆಯೋ ಅಂಶ ಇದೆ ಅಂತ ಓದಿದ್ದೆ. ಟ್ರಿಪ್ಸಿನ್ ಜಾಸ್ತಿಯಾಗಿದ್ದೇ ಕಾಯಿಲೆ ಅಂದಮೇಲೆ ಹುರುಳಿ ನೆನೆಸಿ ಹಸಿಯಾಗಿ ಅರೆದು ರಸ ಕುಡಿಸಿದರೆ ಆಯ್ತಲ್ಲ? ನಮ್ಮಜ್ಜಿ ಕಾಲದಲ್ಲಿ ಕಲ್ಲಿಗೆ ಹುರುಳಿಯೇ ಮದ್ದು.

ಕಿಣ್ವಪ್ರಿಯ:
ಮಾವ, ದಯವಿಟ್ಟು ಕುಡಿಸಬೇಡಿ. ತಡೆಯೋ ಅಂಶ ಇರೋದು ನಿಜ. ಹುರುಳಿಯಲ್ಲೂ ಇದೆ, ಸೋಯಾದಲ್ಲಂತೂ ಧಾರಾಳ. ಆದರೆ ತಿಂದದ್ದು ಹೋಗೋದು ಕರುಳಿಗೆ, ಗ್ರಂಥಿಯೊಳಗಲ್ಲ. ಕರುಳಿನಲ್ಲಿ ಟ್ರಿಪ್ಸಿನ್ ಕಟ್ಟಿಹಾಕಿದರೆ ಏನಾಗುತ್ತೆ ಅಂತ ಇಲಿಗಳಿಗೆ ಹಸಿ ಸೋಯಾ ತಿನ್ನಿಸಿ ನೋಡಿದ್ದಾರೆ. ಕರುಳಲ್ಲಿ ಟ್ರಿಪ್ಸಿನ್ ಕಡಿಮೆ ಅಂತ ಕಂಡ ತಕ್ಷಣ ಕೊಲೆಸಿಸ್ಟೋಕೈನಿನ್ ಅನ್ನೋ ಹಾರ್ಮೋನು ಏರಿ "ಇನ್ನೂ ರಸ ಕಳಿಸು" ಅಂತ ಮೇದೋಜೀರಕಕ್ಕೆ ಒತ್ತಡ ಹಾಕುತ್ತೆ. ಆ ಇಲಿಗಳ ಗ್ರಂಥಿ ಊದಿಕೊಂಡು ದೊಡ್ಡದಾಯ್ತು. ಉರಿಯೂತ ಇರೋ ಮಗುವಿಗೆ ಇದು ಬೇಕಾ? ಬೇಯಿಸಿದ ಹುರುಳಿ ಸಾರು ತಿನ್ನೋಕೆ ಏನೂ ಅಡ್ಡಿಯಿಲ್ಲ, ಬೇಯಿಸಿದಾಗ ಆ ಅಂಶ ಬಹುಪಾಲು ಹಾಳಾಗುತ್ತೆ. ಆದರೆ ಅದು ಊಟ, ಮದ್ದಲ್ಲ. ಮೂತ್ರಪಿಂಡದ ಕಲ್ಲಿಗೂ ಈ ಕಲ್ಲಿಗೂ ಸಂಬಂಧವೂ ಇಲ್ಲ.

ತಡೆಯೋ ಔಷಧ ನೇರ ರಕ್ತಕ್ಕೇ ಕೊಟ್ಟರೆ ಹೇಗೆ ಅನ್ನೋದನ್ನೂ ಪ್ರಯತ್ನಿಸಿದ್ದಾರೆ. ಅಪ್ರೋಟಿನಿನ್ ಕೊಟ್ಟು ನೋಡಿದರು, ತೀವ್ರ ಪ್ಯಾಂಕ್ರಿಯಾಟೈಟಿಸ್‌ನಲ್ಲಿ ಪ್ರಯೋಜನ ಕಾಣಲಿಲ್ಲ. ಜಪಾನಿನಲ್ಲಿ ಕ್ಯಾಮೋಸ್ಟಾಟ್ ಅನ್ನೋ ಮಾತ್ರೆ ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್‌ಗೆ ಬಳಕೆಯಲ್ಲಿದೆ. ಕೋವಿಡ್ ಹೊತ್ತಲ್ಲಿ ಸುದ್ದಿಯಾಗಿದ್ದ ಮಾತ್ರೆಯೇ ಅದು.

ಹುಬ್ಬಳ್ಳಿ_ಮಂದಿ:
ನಂದೂ ಹೆಚ್ಚುಕಡಿಮಿ ಇದ ಕಥಿ ಐತ್ರೀ. ಶಾಲಿಗೆ ಹೋಗು ವಯಸ್ಸಿನಾಗ ಹೊಟ್ಟಿನೋವು ಸುರು, ದೊಡ್ಡಾಂವ ಆದಮ್ಯಾಲ ಸಕ್ಕರಿ ಕಾಯಿಲಿ. ಒಂದ ಹನಿ ಶೆರೆ ಮುಟ್ಟಿದಾಂವ ಅಲ್ಲ. ಆದ್ರ ಅಡ್ಮಿಟ್ ಆದಾಗೆಲ್ಲ "ಎಷ್ಟು ಕುಡಿತೀರಿ, ಖರೆ ಹೇಳ್ರಿ" ಅಂತ ಕೇಳೂದು ತಪ್ಪಲಿಲ್ಲ. ಒಬ್ಬ ಡ್ಯೂಟಿ ಡಾಕ್ಟ್ರು ನಮ್ಮ ಅವ್ವನ್ನ ಹೊರಗ ಕರದು ಬ್ಯಾರೆ ಕೇಳಿದ್ರು. ಆಕಿ ಅತ್ತಬಿಟ್ಳು. ಆವಾಗ ಈ ಜೀನ್ ಅನ್ನು ಮಾತು ಯಾರೂ ಎತ್ತಿರಲಿಲ್ಲ.

ಒಂದ ಅನುಮಾನ. ಹಲ್ಲು ಕೀಳಿಸಿದಾಗ ಬಾವು ಇಳೀಲಿ ಅಂತ ಟ್ರಿಪ್ಸಿನ್-ಕೈಮೋಟ್ರಿಪ್ಸಿನ್ ಗುಳಿಗಿ ಕೊಡ್ತಾರಲ್ರೀ, ಕೈಮೋರಲ್ ಫೋರ್ಟೆ ಅಂತ. ಅದರಾಗ ಇರೂದು ಇದ ಟ್ರಿಪ್ಸಿನ್ ಏನು? ನಾ ತೊಗೋಬಹುದೇನು?

ಕಿಣ್ವಪ್ರಿಯ:
ಅಣ್ಣಾರ, ಅದೇ ಜಾತಿಯ ಕಿಣ್ವ, ಆದರೆ ಪ್ರಾಣಿಗಳ ಮೇದೋಜೀರಕದಿಂದ ತೆಗೆದದ್ದು. ಬಾವು ಇಳಿಸೋಕೆ ಅಂತ ನಮ್ಮಲ್ಲಿ ಧಾರಾಳವಾಗಿ ಬರೀತಾರೆ. ನಿಮಗೆ ಜೀರ್ಣಕ್ಕೆ ಕೊಡೋ ಕಿಣ್ವದ ಕ್ಯಾಪ್ಸೂಲಿಗೆ ಅದು ಬದಲಿಯಲ್ಲ, ಯಾಕಂದ್ರೆ ನಿಮ್ಮಂಥವರಿಗೆ ಮುಖ್ಯವಾಗಿ ಕೊರತೆಯಾಗೋದು ಕೊಬ್ಬು ಕರಗಿಸೋ ಲೈಪೇಸ್. ತೊಗೋಬಹುದಾ ಅನ್ನೋದನ್ನು ಹಲ್ಲಿನ ಡಾಕ್ಟರಿಗೆ ನಿಮ್ಮ ಕಾಯಿಲೆ ಹೇಳಿ ಅವರನ್ನೇ ಕೇಳಿ.

ಟ್ರಿಪ್ಸಿನ್ ಔಷಧದ ಅಂಗಡಿಯಲ್ಲಿ ಮಾತ್ರ ಅಲ್ಲ, ಲ್ಯಾಬಿನಲ್ಲೂ ಎಲ್ಲೆಂದರಲ್ಲಿ ಇದೆ. ನಮ್ಮ ಎಂಎಸ್ಸಿ ಹುಡುಗರು ತಟ್ಟೆಗೆ ಅಂಟಿದ ಜೀವಕೋಶ ಬಿಡಿಸೋಕೆ ಟ್ರಿಪ್ಸಿನ್ ಸುರೀತಾರೆ. ಎರಡು ನಿಮಿಷ ಜಾಸ್ತಿ ಬಿಟ್ಟು ಚಹಾಕ್ಕೆ ಹೋದರೆ ಕೋಶಗಳೇ ಸತ್ತಿರ್ತವೆ. ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ ಪ್ರೋಇನ್ಸುಲಿನ್ನಿನಿಂದ (ಇನ್ಸುಲಿನ್ನಿನ ಮೂಲರೂಪ) ಇನ್ಸುಲಿನ್ ಕತ್ತರಿಸಿ ತೆಗೆಯೋದಕ್ಕೂ ಟ್ರಿಪ್ಸಿನ್ ಬಳಸ್ತಾರೆ. ನಿಮ್ಮ ಗ್ರಂಥಿ ಕೆಡಿಸಿದ ಕಿಣ್ವವೇ ನಿಮ್ಮ ಇನ್ಸುಲಿನ್ ತಯಾರಿಕೆಯಲ್ಲೂ ಕೈ ಹಾಕಿರೋ ಸಾಧ್ಯತೆ ಇದೆ ನೋಡಿ!

ಓಹಾಯೋ_ಕನ್ನಡತಿ:
ನಾನು ಇಲ್ಲಿ ಜೆನೆಟಿಕ್ ಕೌನ್ಸೆಲಿಂಗ್ ಕೆಲಸದಲ್ಲಿದ್ದೀನಿ. ತುಂಗಾತೀರ ಅವರೇ, ನಿಮ್ಮ ಡಾಕ್ಟರು ಯಾಕೆ ಮೊದಲು ಪಿಆರ್‌ಎಸ್‌ಎಸ್1 ಅಂದ್ರು ಅನ್ನೋದಕ್ಕೆ ಸ್ವಲ್ಪ ಹಿನ್ನೆಲೆ.

ಕುಟುಂಬದಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿಯೋ ಪ್ಯಾಂಕ್ರಿಯಾಟೈಟಿಸ್ ಬಗ್ಗೆ ಮೊದಲು ಬರೆದದ್ದು 1952ರಲ್ಲಿ, ಮೇಯೋ ಕ್ಲಿನಿಕ್ಕಿನ ಕಂಫರ್ಟ್ ಮತ್ತು ಸ್ಟೈನ್‌ಬರ್ಗ್. ಜೀನ್ ಸಿಗೋಕೆ 44 ವರ್ಷ ಹಿಡೀತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಡೇವಿಡ್ ವಿಟ್‌ಕೋಂಬ್ ತಂಡ ಕೆಂಟಕಿ ಮೂಲದ ಒಂದು ದೊಡ್ಡ ಕುಟುಂಬವನ್ನು ಹಿಡಿದು ಏಳನೇ ಕ್ರೋಮೋಸೋಮಿಗೆ ಬಂತು. ಅದೇ 1996ರಲ್ಲಿ ಬೇರೆ ವಿಜ್ಞಾನಿಗಳು ರೋಗನಿರೋಧಕ ಕೋಶಗಳ ಒಂದು ಜೀನ್ ಗುಂಪನ್ನು, ಅಂದ್ರೆ ಟಿ-ಕೋಶ ಗ್ರಾಹಕದ ಬೀಟಾ ಭಾಗವನ್ನು, ಅಕ್ಷರ ಬಿಡದೆ ಓದಿ ಪ್ರಕಟಿಸಿದ್ದರು. ಅದರ ನಡುವೆ ಸಂಬಂಧವೇ ಇಲ್ಲದ ಹಾಗೆ ಎಂಟು ಟ್ರಿಪ್ಸಿನೋಜೆನ್ ಜೀನುಗಳು ಕೂತಿದ್ದವು! ಆ ಎಂಟರಲ್ಲಿ ಕೆಲವು ಕೆಲಸ ಮಾಡದ ಸತ್ತ ಜೀನುಗಳು. ಅಲ್ಲೇ ಇರೋ ಪಿಆರ್‌ಎಸ್‌ಎಸ್1ರಲ್ಲಿ ಆರ್122ಎಚ್ ಸಿಕ್ಕಿತು. ಮರುವರ್ಷ ಅದೇ ಜೀನಿನ ಎನ್29ಐ ಅನ್ನೋ ಇನ್ನೊಂದು ರೂಪಾಂತರ. ಈ ಎರಡೇ ಇವತ್ತಿಗೂ ಪ್ರಮುಖ.

ಇವು ಪ್ರಬಲ ರೂಪಾಂತರಗಳು. ಅಪ್ಪ ಅಥವಾ ಅಮ್ಮ, ಒಬ್ಬರಿಂದ ಬಂದರೂ ಸಾಕು. ಪ್ರತಿ ಮಗುವಿಗೆ 50 ಪರ್ಸೆಂಟ್ ಸಾಧ್ಯತೆ. ಬಂದವರಲ್ಲೂ ಸುಮಾರು 80 ಪರ್ಸೆಂಟ್ ಜನರಿಗಷ್ಟೇ ಕಾಯಿಲೆ ಕಾಣಿಸುತ್ತೆ, ಉಳಿದವರು ಆರಾಮಾಗಿ ಇರ್ತಾರೆ. ಹಾಗಾಗಿ "ನಮ್ಮ ಮನೇಲಿ ಯಾರಿಗೂ ಇಲ್ಲ" ಅನ್ನೋದೂ ಪೂರ್ತಿ ಸಾಕ್ಷಿಯಲ್ಲ.

ಲ್ಯಾಬ್ ಆರಿಸುವಾಗ ಒಂದು ಮಾತು ಕೇಳಿ. ಆ ಎಂಟು ಜೀನುಗಳು ನೋಡೋಕೆ ಒಂದರಂತೆ ಒಂದು. ಡಿಎನ್‌ಎಯನ್ನು ಸಣ್ಣ ಸಣ್ಣ ತುಂಡು ಮಾಡಿ ಓದೋ ಈಗಿನ ಯಂತ್ರಗಳಲ್ಲಿ ಪಕ್ಕದ ಜೀನಿನ ತುಂಡು ಪಿಆರ್‌ಎಸ್‌ಎಸ್1ರ ಲೆಕ್ಕಕ್ಕೆ ಸೇರಿಬಿಡಬಹುದು. "ಈ ಜೀನಿಗೆ ಪ್ರತ್ಯೇಕ ವಿಧಾನ ಬಳಸ್ತೀರಾ, ಪಾಸಿಟಿವ್ ಬಂದರೆ ಸ್ಯಾಂಗರ್‌ನಲ್ಲಿ (ಡಿಎನ್‌ಎ ಓದೋ ಹಳೆಯ ವಿಧಾನ) ಖಚಿತ ಮಾಡ್ತೀರಾ" ಅಂತ ಕೇಳಿ. ಪ್ಯಾನೆಲ್‌ನಲ್ಲಿ ಸ್ಪಿಂಕ್1, ಸಿಎಫ್‌ಟಿಆರ್ (ಸಿಸ್ಟಿಕ್ ಫೈಬ್ರೋಸಿಸ್ ಅನ್ನೋ ಆನುವಂಶಿಕ ಕಾಯಿಲೆಯ ಜೀನ್), ಸಿಟಿಆರ್‌ಸಿ (ಕೈಮೋಟ್ರಿಪ್ಸಿನ್ ಸಿ ಜೀನ್) ಇರಲೇಬೇಕು. ಬರೀ ಪಿಆರ್‌ಎಸ್‌ಎಸ್1 ಮಾತ್ರ ಮಾಡಿಸಬೇಡಿ, ದುಡ್ಡು ದಂಡ.

ತುಂಗಾತೀರ:
ಮೇಡಂ, ರಕ್ತದಲ್ಲೇ ಟ್ರಿಪ್ಸಿನ್ ಅಳೆದರೆ ಆಗಲ್ವಾ? ಜೀನ್ ಟೆಸ್ಟು ದುಬಾರಿ ಇದೆ.

ಓಹಾಯೋ_ಕನ್ನಡತಿ:
ಅಳೆಯೋದು ಇದೆ, ಆದರೆ ಬೇರೆ ಕೆಲಸಕ್ಕೆ. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ತೆಗೆದ ರಕ್ತದಲ್ಲಿ ಟ್ರಿಪ್ಸಿನೋಜೆನ್ ಅಳೆದು ಸಿಸ್ಟಿಕ್ ಫೈಬ್ರೋಸಿಸ್ ಹುಡುಕೋ ವಿಧಾನವನ್ನು 1979ರಲ್ಲಿ ನ್ಯೂಜಿಲೆಂಡ್‌ನವರು ಪ್ರಕಟಿಸಿದರು. ಈಗ ಹಲವು ದೇಶಗಳಲ್ಲಿ ನಡೆಯುತ್ತೆ. ಜೀನ್ ಯಾವ ರೂಪದಲ್ಲಿದೆ ಅನ್ನೋದನ್ನು ಅದು ಹೇಳಲ್ಲ.

ಕಾಸರಗೋಡಿನವ:
ಈ ಚರ್ಚೆಯಲ್ಲಿ ನಮ್ಮ ದಕ್ಷಿಣ ಭಾರತದ ಕಥೆ ಯಾರೂ ಹೇಳಲೇ ಇಲ್ಲವಲ್ಲ ಮಾರಾಯ್ರೇ. ಅಮೆರಿಕದ ಕುಟುಂಬ ಇರಲಿ. ಕೇರಳದಲ್ಲಿ ಡಾ. ಗೀವರ್ಗೀಸ್ ಅಂತ ಇದ್ದರು. 1960ರ ದಶಕದಿಂದಲೇ ಇಂಥ ರೋಗಿಗಳನ್ನು ನೂರಾರು ಸಂಖ್ಯೆಯಲ್ಲಿ ನೋಡಿ ದಾಖಲಿಸಿದವರು. ಬಾಲ್ಯದಲ್ಲಿ ಹೊಟ್ಟೆನೋವು, ಹರೆಯದಲ್ಲಿ ಸಕ್ಕರೆ ಕಾಯಿಲೆ, ದುಡಿಯುವ ಪ್ರಾಯದಲ್ಲಿ ಸಾವು, ಇಷ್ಟೇ ಅವರ ಕಾಲದ ಈ ರೋಗಿಗಳ ಜಾತಕ. ಎಕ್ಸ್‌ರೇಯಲ್ಲಿ ಗ್ರಂಥಿ ತುಂಬ ಕಲ್ಲು. ಕುಡಿತ ಇಲ್ಲ. "ಉಷ್ಣವಲಯದ ಪ್ಯಾಂಕ್ರಿಯಾಟೈಟಿಸ್" ಅಂತ ಹೆಸರು ಬಿತ್ತು. ಇಂಡೋನೇಷ್ಯಾದಲ್ಲಿ ಝೈಡೆಮಾ ಎಂಬವರು 1959ರಲ್ಲೇ ಇಂಥದ್ದನ್ನು ಬರೆದಿದ್ದರು.

ನಮ್ಮ ಕಡೆ ಮರಗೆಣಸು ತಿನ್ನುವುದು ಜಾಸ್ತಿ. ಅದರಲ್ಲಿ ಸಯನೈಡ್ ಬಿಡುವ ಅಂಶ ಇದೆ, ಅದರಿಂದಲೇ ಇದು ಅಂತ ಎಷ್ಟೋ ವರ್ಷ ನಂಬಿದ್ದರು. ನಮ್ಮ ಅಜ್ಜಿ ಮರಗೆಣಸು ಬೇಯಿಸುವಾಗ ನೀರು ಬಸಿದು ಚೆಲ್ಲದೆ ಬಿಡುತ್ತಿರಲಿಲ್ಲ. ಈಗ ಆ ವಾದ ಸೊರಗಿದೆ, ಮರಗೆಣಸು ಮೂಸಿಯೂ ನೋಡದ ಊರುಗಳಲ್ಲೂ ಈ ಕಾಯಿಲೆ ಇದೆ. ಹಾಗಾದರೆ ಇವರಿಗೆಲ್ಲ ಈ ಪಿಆರ್‌ಎಸ್‌ಎಸ್1ರ ದೋಷವೇ ಇರಬೇಕು ಅಲ್ವಾ?

ಕಿಣ್ವಪ್ರಿಯ:
ಅದೇ ಇಲ್ಲಿನ ವಿಶೇಷ. ಎಲ್ಲರೂ ಹಾಗೇ ಅಂದುಕೊಂಡು ಹುಡುಕಿದರು. ಹೈದರಾಬಾದಿನ ಸಿಸಿಎಂಬಿ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ಚಾಂಡಕ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತದ ರೋಗಿಗಳಲ್ಲಿ, ಮನೆತನದಲ್ಲೇ ಇಳಿದು ಬಂದವರಲ್ಲೂ, ಪಿಆರ್‌ಎಸ್‌ಎಸ್1 ರೂಪಾಂತರ ಸಿಗಲೇ ಇಲ್ಲ. ಸಿಕ್ಕಿದ್ದು ಸ್ಪಿಂಕ್1, ನಾನು ಮೇಲೆ ಹೇಳಿದ ಮೊದಲ ತಡೆ. ಅದರ ಎನ್34ಎಸ್ ಅನ್ನೋ ರೂಪ. ಇದನ್ನು ಮೊದಲು ಗುರುತಿಸಿದ್ದು 2000ದಲ್ಲಿ ಜರ್ಮನಿಯ ವಿಟ್ ತಂಡ. ಉಷ್ಣವಲಯದ ಪ್ಯಾಂಕ್ರಿಯಾಟೈಟಿಸ್‌ಗೂ ಅದಕ್ಕೂ ಗಟ್ಟಿ ನಂಟಿದೆ ಅಂತ ನಮ್ಮ ದೇಶದ ಒಂದಕ್ಕಿಂತ ಹೆಚ್ಚು ತಂಡಗಳು ತೋರಿಸಿದವು. ಆಮೇಲೆ ಕ್ಯಾಥೆಪ್ಸಿನ್ ಬಿ ಅನ್ನೋ ಇನ್ನೊಂದು ಜೀನಿನ ನಂಟನ್ನೂ ಸಿಸಿಎಂಬಿಯವರೇ ಹೇಳಿದರು. ಗ್ರಂಥಿಯ ಕೋಶದೊಳಗೆ ಅಕಾಲದಲ್ಲಿ ಟ್ರಿಪ್ಸಿನೋಜೆನ್ನನ್ನು ಎಬ್ಬಿಸಬಲ್ಲ ಕಿಣ್ವ ಅದು.

ನನಗೆ ಇದರಲ್ಲಿ ತುಂಬ ಇಷ್ಟವಾಗೋ ತಕರಾರು ಒಂದಿದೆ. ಎನ್34ಎಸ್ ಇರೋ ಸ್ಪಿಂಕ್1 ಪ್ರೋಟೀನನ್ನು ಲ್ಯಾಬಿನಲ್ಲಿ ತಯಾರಿಸಿ ಟ್ರಿಪ್ಸಿನ್ ಎದುರು ಬಿಟ್ಟರೆ ಅದು ಮಾಮೂಲಿನಂತೆಯೇ ಟ್ರಿಪ್ಸಿನ್ನನ್ನು ತಡೆಯುತ್ತೆ! ರೋಗಿಗಳಲ್ಲಿ ಕಣ್ಣಿಗೆ ಹೊಡೆಯುವಷ್ಟು ಕಾಣೋ ರೂಪಾಂತರ, ಕೊಳವೆಯಲ್ಲಿ ಮಾತ್ರ ನಿರಪರಾಧಿ. ಅದರ ಜೊತೆಗೇ ಆನುವಂಶಿಕವಾಗಿ ಬರೋ, ಪ್ರೋಟೀನಿಗೆ ಸಂಬಂಧಿಸದ ಪಕ್ಕದ ಬದಲಾವಣೆಯೊಂದು ಸ್ಪಿಂಕ್1ರ ಪ್ರಮಾಣವನ್ನೇ ತಗ್ಗಿಸುತ್ತಿರಬಹುದು ಅಂತ ಒಂದು ಅಂದಾಜು.

ಸಾಮಾನ್ಯ ಜನರಲ್ಲೂ ನೂರಕ್ಕೆ ಒಬ್ಬರಿಬ್ಬರಲ್ಲಿ ಎನ್34ಎಸ್ ಇರುತ್ತೆ, ಅವರಲ್ಲಿ ಬಹುತೇಕರಿಗೆ ಜೀವಮಾನವಿಡೀ ಏನೂ ಆಗಲ್ಲ. ಪಿಆರ್‌ಎಸ್‌ಎಸ್1ರ ಆರ್122ಎಚ್‌ಗೂ ಇದಕ್ಕೂ ಇರೋ ವ್ಯತ್ಯಾಸ ಇದೇ. ಅದು ಒಂಟಿಯಾಗಿಯೇ ಕಾಯಿಲೆ ತರಬಲ್ಲದು. ಇದಕ್ಕೆ ಜೊತೆಗೆ ಇನ್ನೇನೋ ಬೇಕು.

ಮನೆಮದ್ದು_ಮಾವ:
ವಿಜ್ಞಾನಿಗಳಿಗೇ ಗೊತ್ತಿಲ್ಲ ಅಂತಾಯ್ತು. ಆದರೂ ಹುರುಳಿ ಬೇಡ ಅಂತೀರಿ.

ನಿರ್ವಾಹಕ:
ಮಾವ, ಮಗುವಿಗೆ ಏನು ಕುಡಿಸಬೇಕು ಅನ್ನೋ ಸಲಹೆಗಳನ್ನು ಈ ಎಳೆಯಲ್ಲಿ ಹಾಕಬೇಡಿ. ಆಹಾರದ ಎಳೆ ಬೇರೆ ಇದೆ.

ತುಂಗಾತೀರ:
ತಡವಾಯ್ತು, ಕ್ಷಮಿಸಿ. ರಿಪೋರ್ಟ್ ಬಂತು. ಪಿಆರ್‌ಎಸ್‌ಎಸ್1: ರೋಗಕಾರಕ ಬದಲಾವಣೆ ಕಂಡುಬಂದಿಲ್ಲ. ಸ್ಪಿಂಕ್1: ಎನ್34ಎಸ್, ಎರಡೂ ಪ್ರತಿಯಲ್ಲಿ (ಹೋಮೋಜೈಗಸ್). ಸಿಎಫ್‌ಟಿಆರ್, ಸಿಟಿಆರ್‌ಸಿ ಏನೂ ಇಲ್ಲ. ಭಾವ ಮೊದಲ ಸಾಲು ಓದಿದ ಕೂಡಲೇ "ನೋಡು, ಜೀನ್ ಕಾಯಿಲೆ ಅಲ್ವಂತೆ" ಅಂತ ಎಲ್ಲರಿಗೂ ಫೋನ್ ಮಾಡಿಯಾಗಿದೆ. ಎರಡನೇ ಸಾಲು ನಾನು ಓದಿ ಹೇಳಬೇಕಾಯ್ತು.

ಓಹಾಯೋ_ಕನ್ನಡತಿ:
ಇಲ್ಲಿ ತುಂಬಾ ಜನ ಎಡವೋ ಜಾಗ ಇದು. ಪಿಆರ್‌ಎಸ್‌ಎಸ್1 ನೆಗೆಟಿವ್ ಅಂದರೆ ಆನುವಂಶಿಕ ಅಲ್ಲ ಅಂತ ಅರ್ಥವಲ್ಲ. ನಮ್ಮ ಜನರಲ್ಲಿ ಅದು ನೆಗೆಟಿವ್ ಬರೋದೇ ಹೆಚ್ಚು. ಎನ್34ಎಸ್ ಎರಡೂ ಪ್ರತಿಯಲ್ಲಿ ಇದ್ದಾಗ ಮಾತು ಬೇರೆ, ಒಂದೇ ಪ್ರತಿ ಇರೋರಿಗಿಂತ ಅಪಾಯ ತುಂಬಾ ಜಾಸ್ತಿ. ನಿಮ್ಮ ಹುಡುಗನ ಕಾಯಿಲೆಗೆ ಇದು ದೊಡ್ಡ ಪಾಲಿನ ವಿವರಣೆ.

ಅತ್ತೆಯವರ ಪ್ರಶ್ನೆಗೂ ಉತ್ತರ ರಿಪೋರ್ಟಿನಲ್ಲೇ ಇದೆ. ಎರಡು ಪ್ರತಿ ಅಂದರೆ ಸಾಮಾನ್ಯವಾಗಿ ಒಂದು ತಾಯಿಯಿಂದ, ಒಂದು ತಂದೆಯಿಂದ. ಅಕ್ಕನ ತವರಿಗೆ ಎಷ್ಟು ಪಾಲೋ ಅವರ ಮಗನ ಮನೆತನಕ್ಕೂ ಅಷ್ಟೇ. ಅಕ್ಕ-ಭಾವ ಸಂಬಂಧಿಕರಾ? ಸೋದರಮಾವನ ಮದುವೆಯೋ, ಅತ್ತೆ ಮಗನೋ ಆಗಿದ್ದರೆ ಒಂದೇ ಅಜ್ಜ-ಅಜ್ಜಿಯಿಂದ ಎರಡೂ ಕಡೆ ಇಳಿದಿರಬಹುದು.

ತುಂಗಾತೀರ:
ಭಾವ ನಮ್ಮ ಅಪ್ಪನ ತಂಗಿಯ ಮಗ. ಅತ್ತೆ ಅಂದ್ರೆ ಅಕ್ಕನಿಗೆ ಸೋದರತ್ತೆಯೇ. "ನಿಮ್ಮ ತವರು" ಅಂತ ಅವರು ಬೈದದ್ದು ಅವರದ್ದೇ ತವರನ್ನು!

ಹುಬ್ಬಳ್ಳಿ_ಮಂದಿ:
😂 ಇದನ್ನ ಅವರಿಗೆ ಹೇಳೂವಾಗ ನಾ ಅಲ್ಲೆ ಇರಬೇಕಾಗಿತ್ತ್ರೀ.

ತುಂಗಾತೀರ:
ನಾನಂತೂ ಹೇಳಲ್ಲ, ಭಾವನೇ ಹೇಳಲಿ. ಇನ್ನೊಂದು, ತಂಗಿ ಇದ್ದಾಳೆ ಅವನಿಗೆ, ಆರು ವರ್ಷ, ಏನೂ ತೊಂದರೆ ಇಲ್ಲ. ಅವಳಿಗೂ ಮಾಡಿಸಿಬಿಡೋಣ ಅಂತ ಭಾವ ಅಂತಿದ್ದಾರೆ.

ಓಹಾಯೋ_ಕನ್ನಡತಿ:
ನಾನು ಬೇಡ ಅಂತೀನಿ. ಲಕ್ಷಣ ಇಲ್ಲದ ಮಗುವಿಗೆ ಪಾಸಿಟಿವ್ ಬಂದರೂ ಈಗ ಮಾಡೋಕೆ ವಿಶೇಷ ಏನೂ ಇಲ್ಲ. ಹೊಟ್ಟೆನೋವು ಬಂದರೆ ಕಡೆಗಣಿಸದೆ ಲೈಪೇಸ್ ಮಾಡಿಸಬೇಕು, ಅದು ಟೆಸ್ಟ್ ಇಲ್ಲದೆಯೂ ಮಾಡಬಹುದು. ಅವಳು ದೊಡ್ಡವಳಾಗಿ ತಾನೇ ನಿರ್ಧರಿಸಲಿ.

ನೈಟ್‌ಡ್ಯೂಟಿ_ಸಿಸ್ಟರ್:
ಇದಕ್ಕೆ ನನ್ನ ಸಹಮತ ಅರ್ಧ. ಹಳ್ಳಿಯಿಂದ ಬರೋ ಮನೆಗಳಲ್ಲಿ "ನೋವು ಬಂದರೆ ಆಗ ನೋಡೋಣ" ಅಂದರೆ ಆ "ಆಗ" ಬರೋದೇ ಇಲ್ಲ, ಗ್ಯಾಸ್ಟ್ರಿಕ್ ಮಾತ್ರೆಯಲ್ಲೇ ವರ್ಷ ಕಳೀತಾರೆ. ಕಾಗದದಲ್ಲಿ ಒಂದು ಹೆಸರಿದ್ದರೆ ಬೇಗ ಕರೆತರ್ತಾರೆ. ಆದರೆ ಹೆಣ್ಣುಮಗು. ನಾಳೆ ಮದುವೆ ಮಾತಿಗೆ ಆ ಕಾಗದವೇ ಅಡ್ಡ ಬಂದೀತು ಅನ್ನೋ ಭಯವೂ ನನಗಿದೆ. ಮನೆಯವರು ಯೋಚನೆ ಮಾಡಿ.

ಚಿಕಿತ್ಸೆ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಜೀನ್ ಯಾವುದಾದರೂ ವಾರ್ಡಿನಲ್ಲಿ ಕೆಲಸ ಒಂದೇ. ಜೀನ್ ರಿಪೇರಿ ಮಾಡೋ ಔಷಧ ಇಲ್ಲ. ನೋವು ನಿರ್ವಹಣೆ, ಕಲ್ಲು ದೊಡ್ಡದಾದರೆ ಹೊರಗಿನಿಂದ ಅಲೆ ಕೊಟ್ಟು ಪುಡಿಮಾಡೋದು, ಎಂಡೋಸ್ಕೋಪಿಯಲ್ಲಿ ನಾಳ ತೆರವು ಮಾಡೋದು, ಅದಕ್ಕೂ ಬಗ್ಗದಿದ್ದರೆ ಆಪರೇಶನ್. ಮಲ ಜಿಡ್ಡಾಗಿ, ನೀರು ಹಾಕಿದರೂ ಕಮೋಡಿಗೆ ಅಂಟಿಕೊಂಡರೆ ಕೊಬ್ಬು ಜೀರ್ಣ ಆಗ್ತಿಲ್ಲ ಅಂತ ತಿಳಿಯಿರಿ. ಮಲದಲ್ಲಿ ಎಲಾಸ್ಟೇಸ್ ಅಳೀತಾರೆ, ಗ್ರಾಂಗೆ 200 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಅನುಮಾನ, 100ಕ್ಕಿಂತ ಕಡಿಮೆ ಇದ್ದರೆ ಕೊರತೆ ಜಾಸ್ತಿ. ಆಗ ಪ್ಯಾಂಕ್ರಿಯಾಟಿನ್ ಅನ್ನೋ ಜೀರ್ಣಕಿಣ್ವದ ಕ್ಯಾಪ್ಸೂಲ್. ಎ, ಡಿ, ಇ, ಕೆ ವಿಟಮಿನ್ ಮತ್ತು ಸಕ್ಕರೆ ಪ್ರಮಾಣ ಆಗಾಗ ನೋಡಿಸಬೇಕು.

ತುಂಗಾತೀರ:
ಎಲಾಸ್ಟೇಸ್ ಮಾಡಿಸಿದ್ವಿ ಸಿಸ್ಟರ್, 100ಕ್ಕಿಂತ ಕೆಳಗಿದೆ. ಕ್ಯಾಪ್ಸೂಲ್ ಶುರುವಾಗಿದೆ. ಊಟ ಆದಮೇಲೆ ಕೊಡ್ತಿದ್ದಾರೆ, ಅಷ್ಟೇನೂ ಗುಣ ಕಾಣ್ತಿಲ್ಲ. ಇನ್ನೊಂದು ಸಂಗತಿ, ಮೆಡಿಕಲ್ ಶಾಪಿನವನು ಇದು ಹಂದಿಯದ್ದು ಅಂದನಂತೆ. ಮನೇಲಿ ಮೊಟ್ಟೆಯನ್ನೂ ತರೋದಿಲ್ಲ. ಅಕ್ಕ ಒಂದು ದಿನ ಊಟ ಬಿಟ್ಟಳು.

ನೈಟ್‌ಡ್ಯೂಟಿ_ಸಿಸ್ಟರ್:
ಊಟ ಆದಮೇಲೆ ಕೊಟ್ಟರೆ ಅನ್ನ ಮುಂದೆ ಹೋಗಿರುತ್ತೆ, ಕಿಣ್ವ ಹಿಂದೆ ಓಡುತ್ತೆ. ಮೊದಲ ತುತ್ತಿನ ಜೊತೆ ಕೊಡಿ. ಒಂದಕ್ಕಿಂತ ಹೆಚ್ಚು ಬರೆದಿದ್ದರೆ ಊಟದ ನಡುವೆ ಹಂಚಿ ಕೊಡಿ. ಹಾಲು, ತಿಂಡಿಗೂ ಬೇಕಾಗುತ್ತೆ, ಎಷ್ಟು ಅಂತ ಡಾಕ್ಟರನ್ನು ಕೇಳಿ. ಡಬ್ಬದ ಮೇಲಿನ 10,000, 25,000 ಅನ್ನೋದು ಲೈಪೇಸ್ ಲೆಕ್ಕ. ನುಂಗೋಕೆ ಆಗದಿದ್ದರೆ ಬಿಚ್ಚಿ ಒಳಗಿನ ಕಾಳುಗಳನ್ನು ಸೇಬಿನ ಪೇಸ್ಟಿನಂಥ ಹುಳಿ ಇರೋ ಮೆತ್ತನೆ ಪದಾರ್ಥದಲ್ಲಿ ಕೊಡಬಹುದು. ಬಿಸಿ ಅನ್ನದಲ್ಲಿ, ಹಾಲಿನಲ್ಲಿ ಕಲಸಬೇಡಿ, ಮೇಲಿನ ಲೇಪ ಕರಗಿ ಕಿಣ್ವ ಜಠರದ ಆಮ್ಲದಲ್ಲೇ ಸಾಯುತ್ತೆ. ಅಗಿಯೋಕೆ ಬಿಡಬೇಡಿ, ಬಾಯಿ ಹುಣ್ಣಾಗುತ್ತೆ.

ಹಂದಿಯದ್ದು ಅನ್ನೋದು ನಿಜ. ವಾರ್ಡಿನಲ್ಲಿ ನಾವು ಮೊದಲೇ ಹೇಳಿಬಿಡ್ತೀವಿ, ಆಮೇಲೆ ಗೊತ್ತಾದರೆ ಕೆಲವರು ಸದ್ದಿಲ್ಲದೆ ನಿಲ್ಲಿಸಿಬಿಡ್ತಾರೆ. ಮುಸ್ಲಿಂ ಮನೆಯವರು ತಮ್ಮ ಮೌಲವಿಯನ್ನು ಕೇಳಿ ಬರ್ತಾರೆ, ಜೈನರು, ಲಿಂಗಾಯತರು, ಬ್ರಾಹ್ಮಣರು ಮನೆ ಹಿರಿಯರನ್ನು. ಬಹಳಷ್ಟು ಮನೆಗಳಲ್ಲಿ "ಮಗುವಿನ ಔಷಧಕ್ಕೆ ಮಡಿಯಿಲ್ಲ" ಅಂತ ಒಪ್ಪಿದ್ದಾರೆ. ಅಕ್ಕನಿಗೆ ಸ್ವಲ್ಪ ಸಮಯ ಕೊಡಿ, ಕ್ಯಾಪ್ಸೂಲ್ ಮಾತ್ರ ನಿಲ್ಲಿಸಬೇಡಿ.

ಹುಬ್ಬಳ್ಳಿ_ಮಂದಿ:
ನಾನೂ ಲಿಂಗಾಯತ್ರೀ, ದಿನಾ ತೊಗೋತೀನಿ. ತೂಕ ಏರಿದ್ದು ಇದರಿಂದನ. ನಿಮ್ಮ ಅಕ್ಕಾರಿಗೆ ಹೇಳ್ರಿ. ಮತ್ತ ಹುಡುಗ ದೊಡ್ಡಾಂವ ಆದಮ್ಯಾಲ ಬೀಡಿ-ಸಿಗರೇಟ್, ಶೆರೆ ಹತ್ರ ಸುಳೀಬಾರದು. ನನಗ ಡಾಕ್ಟ್ರು ಎಲ್ಲಕ್ಕಿಂತ ಜೋರು ಮಾಡಿ ಹೇಳಿದ್ದು ಇದನ್ನ.

ಕಿಣ್ವಪ್ರಿಯ:
ಅದಕ್ಕೆ ಅಂಕಿಅಂಶವೂ ಇದೆ. ಆನುವಂಶಿಕ ಪ್ಯಾಂಕ್ರಿಯಾಟೈಟಿಸ್ ಇರುವವರಲ್ಲಿ 70 ವರ್ಷದ ಹೊತ್ತಿಗೆ ಗ್ರಂಥಿಯ ಕ್ಯಾನ್ಸರ್ ಅಪಾಯ 40 ಪರ್ಸೆಂಟ್‌ವರೆಗೆ ಅಂತ 1997ರ ಅಂತರರಾಷ್ಟ್ರೀಯ ಅಧ್ಯಯನ ಹೇಳಿತ್ತು. ಆಮೇಲಿನ ಅಧ್ಯಯನಗಳು ಅಷ್ಟಿಲ್ಲ ಅಂದಿವೆ. ಆದರೆ ಸಿಗರೇಟು ಸೇದೋರಿಗೆ ಸುಮಾರು 20 ವರ್ಷ ಮುಂಚೆಯೇ ಬರುತ್ತೆ ಅಂತಲೂ ಅದೇ ಗುಂಪು ತೋರಿಸಿದೆ. ಅವೆಲ್ಲ ಹೆಚ್ಚಾಗಿ ಪಾಶ್ಚಾತ್ಯ ದೇಶಗಳ ಕುಟುಂಬಗಳ ಲೆಕ್ಕ, ನಿಮ್ಮ ಹುಡುಗನಿಗೆ ನೇರ ಅನ್ವಯಿಸಬೇಡಿ. ಸಿಗರೇಟಿನ ಮಾತನ್ನು ಮಾತ್ರ ಅನ್ವಯಿಸಿ.

ತುಂಗಾತೀರ:
ಕೊನೇ ಪ್ರಶ್ನೆ. ಇನ್ಶೂರೆನ್ಸ್ ಏಜೆಂಟ್ "ಜೆನೆಟಿಕ್ ಅಂತ ರಿಪೋರ್ಟ್ ಇದ್ದರೆ ಕ್ಲೇಮ್ ಬರಲ್ಲ, ಮುಚ್ಚಿಡಿ" ಅಂದಿದ್ದಾನೆ.

ಓಹಾಯೋ_ಕನ್ನಡತಿ:
ಮುಚ್ಚಿಡಬೇಡಿ, ಮುಚ್ಚಿಟ್ಟರೆ ಅದೇ ಕಾರಣಕ್ಕೆ ಪಾಲಿಸಿ ರದ್ದಾಗಬಹುದು. ಅಲ್ಲಿನ ಕಾನೂನು ನನ್ನ ಕ್ಷೇತ್ರ ಅಲ್ಲ, ಆದರೆ 2018ರಲ್ಲಿ ದೆಹಲಿ ಹೈಕೋರ್ಟ್ ತೀರ್ಪಿನ ಬೆನ್ನಿಗೇ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ, ಬರೀ "ಆನುವಂಶಿಕ ಕಾಯಿಲೆ" ಅನ್ನೋ ಷರತ್ತು ತೋರಿಸಿ ಆರೋಗ್ಯ ವಿಮೆಯ ಕ್ಲೇಮ್ ತಿರಸ್ಕರಿಸಬಾರದು ಅಂತ ಕಂಪನಿಗಳಿಗೆ ಸುತ್ತೋಲೆ ಕಳಿಸಿತ್ತು. ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ ಅನ್ನೋದು ಬೇರೆ ಷರತ್ತು, ಅದು ನಿಮ್ಮ ಪಾಲಿಸಿಯಲ್ಲಿ ಎಷ್ಟಿದೆ ನೋಡಿ. ಏಜೆಂಟ್ ಹೇಳಿದ್ದನ್ನು ಇಮೇಲಿನಲ್ಲಿ ಬರೆದು ಕೊಡೋಕೆ ಹೇಳಿ. ಕೊಡಲ್ಲ.

ತುಂಗಾತೀರ:
ಕೇಳಿದೆ. "ಆಫೀಸಿಗೆ ಬನ್ನಿ ಸರ್, ಮಾತಾಡೋಣ" ಅಂದ. ನಾಳೆ ಫೈಲ್ ಹಿಡಿದು ಭಾವನ ಜೊತೆ ಹೋಗ್ತಿದ್ದೀನಿ.